ಮೆಕಾಲೆಯನ್ನು ಊಟಿಗೆ ಹೊತ್ತವರು ಯಾರು? (ಪಲ್ಲಕ್ಕಿ, ಡೋಲಿ, ರಿಕ್ಷಾ ಮತ್ತು ಬಿಳಿಯರ ಆಳ್ವಿಕೆ)

ಕಡತಪ್ರಿಯ

ಮೆಕಾಲೆ ಅಂದ ಕೂಡಲೇ ಇಂಗ್ಲಿಷ್ ಶಿಕ್ಷಣ, 1835ರ ಟಿಪ್ಪಣಿ, ಗುಮಾಸ್ತರನ್ನು ತಯಾರಿಸುವ ಕಾರ್ಖಾನೆ ಅಂತ ಬೈಗುಳದ ಪಟ್ಟಿ ಬಾಯಿಗೆ ಬರುತ್ತೆ. ಅದಕ್ಕೆ ಒಂದು ವರ್ಷ ಹಿಂದಿನ ಸಂಗತಿಯನ್ನು ಯಾರೂ ಎತ್ತುವುದಿಲ್ಲ. 1834ರ ಜೂನ್‌ನಲ್ಲಿ ಆತ ಮದ್ರಾಸಿನಲ್ಲಿ ಹಡಗಿಳಿದಾಗ ಗವರ್ನರ್ ಜನರಲ್ ಬೆಂಟಿಂಕ್ ಊಟಿಯಲ್ಲಿದ್ದ. ಅಲ್ಲಿಗೇ ಬಾ ಅಂತ ಕರೆಸಿಕೊಂಡ. ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಹಾದು ನೀಲಗಿರಿಗೆ. ಸುಮಾರು 400 ಮೈಲಿ. ಅಷ್ಟೂ ದೂರ ಮನುಷ್ಯರ ಹೆಗಲ ಮೇಲೆ ಬಂದೆ ಅಂತ ಪತ್ರದಲ್ಲಿ ತಾನೇ ಬರೆದುಕೊಂಡಿದ್ದಾನೆ. ಪರಿವಾರ 38 ಜನ. ಒಂದು ಪಲ್ಲಕ್ಕಿಯಲ್ಲಿ ಅವನು, ಹಿಂದಿನ ಪಲ್ಲಕ್ಕಿಯಲ್ಲಿ ಅವನ ಆಳು. ಆಳನ್ನೂ ಹೊರಬೇಕಿತ್ತು, ಗಮನಿಸಿ.

ನಮ್ಮ ಊರುಗಳ ನಡುವೆಯೇ ನಡೆದ ಪಯಣ ಇದು. ಅವನೇನು ಓದಿದ, ಯಾರನ್ನು ಕಂಡ, ಮುಮ್ಮಡಿ ಕೃಷ್ಣರಾಜ ಒಡೆಯರ ಬಗ್ಗೆ ಏನಂದ ಎಲ್ಲಾ ದಾಖಲೆಯಲ್ಲಿದೆ. ಹೊತ್ತವರ ಒಂದು ಹೆಸರೂ ಇಲ್ಲ.

ನನ್ನ ವಾದ ಇಷ್ಟು. ರೈಲು ಬರುವ ತನಕ ಕಂಪನಿ ಆಳ್ವಿಕೆ ಓಡಾಡಿದ್ದು ಹೆಗಲ ಮೇಲೆ. ಅಂದಮೇಲೆ ಆ ಹೆಗಲನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವುದೇ ಆಡಳಿತದ ಒಂದು ದೊಡ್ಡ ಕೆಲಸವಾಗಿತ್ತು. ಈ ಬಗ್ಗೆ ಗೊತ್ತಿರುವವರು ಸೇರಿಸಿ.

ಇತಿಹಾಸ_ಮೇಷ್ಟ್ರು

ಒಳ್ಳೆಯ ವಿಷಯ ಎತ್ತಿದಿರಿ. ಮೊದಲು ಆ ವ್ಯವಸ್ಥೆ ಹೇಗೆ ನಡೀತಿತ್ತು ಅಂತ ಹೇಳಿಬಿಡ್ತೀನಿ, ಇಲ್ಲದಿದ್ದರೆ ಯಾವುದೋ ಸಿನಿಮಾ ದೃಶ್ಯದಂತೆ ಊಹಿಸಿಕೊಳ್ಳೋ ಅಪಾಯ ಇದೆ.

ಇದಕ್ಕೆ ಡಾಕ್ (ಅಂದರೆ ಅಂಚೆ) ಪಯಣ ಅಂತಿದ್ದರು. ಹೊರಡುವ ಕೆಲವು ದಿನ ಮುಂಚೆ ಸಾಹೇಬ ಪೋಸ್ಟ್‌ಮಾಸ್ಟರಿಗೆ ಬರೆಯಬೇಕು: ಇಂಥ ದಿನ, ಇಂಥ ಹೊತ್ತಿಗೆ, ಇಂಥ ಊರಿಂದ ಇಂಥ ಊರಿಗೆ. ದುಡ್ಡು ಮುಂಗಡ. ಪೋಸ್ಟ್‌ಮಾಸ್ಟರು ದಾರಿಯುದ್ದಕ್ಕೂ ಸುಮಾರು ಹತ್ತು ಮೈಲಿಗೊಂದರಂತೆ ಹೊಸ ತಂಡ ಕಾದು ನಿಲ್ಲುವ ಹಾಗೆ ಹೇಳಿ ಕಳಿಸ್ತಿದ್ದ. ಒಂದು ತಂಡ ಅಂದರೆ ಸಾಮಾನ್ಯವಾಗಿ ಎಂಟು ಜನ ಹೊರುವವರು. ನಾಲ್ವರು ಹೆಗಲು ಕೊಟ್ಟರೆ ಇನ್ನು ನಾಲ್ವರು ಪಕ್ಕದಲ್ಲೇ ಓಡ್ತಾ ಬರಬೇಕು, ಪಲ್ಲಕ್ಕಿ ನೆಲಕ್ಕಿಳಿಸದೆ ಹೆಗಲು ಬದಲಾಗಬೇಕು. ರಾತ್ರಿ ಪಯಣವಾದ್ದರಿಂದ ದೀವಟಿಗೆ ಹಿಡಿಯೋರು ಇಬ್ಬರು, ಪೆಟ್ಟಿಗೆಗಳನ್ನು ಅಡ್ಡೆಯಲ್ಲಿ ತೂಗಿಸಿ ಹೊರೋರು ಇಬ್ಬರು. ವೇಗ ಗಂಟೆಗೆ ಮೂರು, ನಾಲ್ಕು ಮೈಲಿ. ಒಳಗೆ ಹಾಸಿಗೆ, ದಿಂಬು, ಪುಸ್ತಕ ಇಡಲು ಗೂಡು. ಸಾಹೇಬ ಮಲಗಿದಲ್ಲೇ ಊರು ದಾಟ್ತಾನೆ.

ತಡ ಮಾಡಿದರೆ ಕಟ್ಟಿಕೊಡಲು ಅಂತ ಬೇರೆ ಠೇವಣಿ ಇಡಬೇಕಿತ್ತು. ಸಾಹೇಬ ಎಲ್ಲೋ ಊಟಕ್ಕೆ ಕೂತು ಹೊತ್ತು ಕಳೆದರೆ ಮುಂದಿನ ಕಟ್ಟೆಯಲ್ಲಿ ಕಾದವರಿಗೆ ಆ ದುಡ್ಡಿಂದ ಕೊಡಬೇಕು ಅನ್ನೋದು ನಿಯಮ. ಆ ದುಡ್ಡು ಎಷ್ಟರಮಟ್ಟಿಗೆ ಕಾದವರ ಕೈ ಸೇರ್ತಿತ್ತು ಅನ್ನೋದನ್ನ, ಸರ್ಕಾರಿ ಕಚೇರಿ ಕಂಡವರು ಯೋಚಿಸಬಹುದು.

ಅಡ್ಡಮಾತು

ಎಲ್ಲಾ ಸರಿ ರೀ. ಆದ್ರ ಪಲ್ಲಕ್ಕಿ ಏನು ಲಂಡನ್ನಿಂದ ಬಂತೇನು? ನಮ್ಮ ರಾಜರು ಏರಿದ್ರು, ದಿವಾನರು ಏರಿದ್ರು, ದೇಸಾಯರು ಏರಿದ್ರು, ಸ್ವಾಮಿಗಳು ಇವತ್ತಿಗೂ ಏರ್ತಾರ. ಬಿಳಿಯರು ಏರಿದ ಕೂಡಲೇ ಅದು ದಬ್ಬಾಳಿಕೆ, ನಮ್ಮವರು ಏರಿದ್ರ ಸಂಸ್ಕೃತಿ. ಇದು ಯಾವ ನ್ಯಾಯ?

ಕಡತಪ್ರಿಯ

@ಅಡ್ಡಮಾತು ನಿಮ್ಮ ಪ್ರಶ್ನೆ ಬರಲೇಬೇಕಿತ್ತು. ಹೊರುವುದು ಹೊಸದಲ್ಲ, ಒಪ್ಪಿದೆ. ಬೆಸ್ತರು, ಬೋಯಿಗಳು ಬ್ರಿಟಿಷರಿಗಿಂತ ಮುಂಚೆಯೇ ಹೊರುತ್ತಿದ್ದರು. ನಮ್ಮಲ್ಲಿ ಪಲ್ಲಕ್ಕಿ ಏರುವುದು ದೊರೆ ಕೊಡುವ ಮರ್ಯಾದೆ. ಮೊಘಲರಲ್ಲೂ ಪೇಶ್ವೆಗಳಲ್ಲೂ ಪಾಲಕಿಯ ಗೌರವ ಸಿಕ್ಕವನಿಗೆ ಅದರ ಖರ್ಚಿಗೆ ಬೇರೆ ನೇಮಣೂಕಿ, ಅಂದರೆ ಭತ್ಯೆ, ಇರ್ತಿತ್ತು. ಬೇಕೆಂದವರೆಲ್ಲ ಏರುವ ಹಾಗಿರಲಿಲ್ಲ.

ಕಂಪನಿಯವರು ಮಾಡಿದ್ದು ಏನಂದರೆ, ಆ ಮರ್ಯಾದೆಯನ್ನು ನೌಕರಿಯ ಜೊತೆಗೆ ಸಿಗುವ ಸೌಕರ್ಯ ಮಾಡಿಕೊಂಡರು. ನಿನ್ನೆ ಮೊನ್ನೆ ಹಡಗಿಳಿದ, ಮೀಸೆ ಚಿಗುರದ ರೈಟರ್ (ಕಂಪನಿಯ ಕಿರಿಯ ಗುಮಾಸ್ತ) ಹುಡುಗನಿಗೂ ಪಲ್ಲಕ್ಕಿ ಬೇಕು. 18ನೇ ಶತಮಾನದಲ್ಲಿ ಲಂಡನ್ನಿನ ಡೈರೆಕ್ಟರುಗಳು ಕೆಳದರ್ಜೆಯ ನೌಕರರು ಪಲ್ಲಕ್ಕಿ ಇಟ್ಟುಕೊಳ್ಳಬಾರದು ಅಂತ ಮತ್ತೆ ಮತ್ತೆ ಬರೆದರು, ಇಲ್ಲಿನವರು ಮತ್ತೆ ಮತ್ತೆ ಗಾಳಿಗೆ ತೂರಿದರು. ಡೈರೆಕ್ಟರುಗಳ ಚಿಂತೆ ಹೊರುವವನ ಬೆನ್ನಿನದ್ದಲ್ಲ, ಹುಡುಗರ ದುಂದುವೆಚ್ಚದ್ದು.

ಇಂಗ್ಲೆಂಡಿನಲ್ಲಿ ಬಾಡಿಗೆ ಗಾಡಿಗೂ ಲೆಕ್ಕ ಹಾಕುತ್ತಿದ್ದವನು ಇಲ್ಲಿ ನಾಲ್ಕು ಹೆಗಲ ಮೇಲೆ. ಆ ನಾಲ್ಕಡಿ ಎತ್ತರದಿಂದ ನೋಡಿದ ಊರು ಬೇರೆಯೇ ಕಾಣುತ್ತೆ.

ಅಡ್ಡಮಾತು

ನಮ್ಮ ಕಡಿ ಒಂದು ಸೇರಿಸ್ತೀನಿ ಹಂಗಾದ್ರ. ಅಡ್ಡಪಲ್ಲಕ್ಕಿ ಗೊತ್ತಲ್ಲ? ದಂಡಿಗೆ, ಅಂದ್ರ ಹೊರೋ ಕೋಲು, ಉದ್ದಕ್ಕ ಇರೋದಿಲ್ಲ, ರಸ್ತೆಗೆ ಅಡ್ಡ ಇರ್ತದ. ಅದು ಬಂತಂದ್ರ ಎದುರಿಗಿದ್ದವರು ಸರೀಲೇಬೇಕು. ಯಾರು ಹಂಗ ಹೋಗಬಹುದು ಅನ್ನೋ ಹಕ್ಕಿನ ಸಲುವಾಗಿ ಶೃಂಗೇರಿ ಸ್ವಾಮಿಗಳಿಗೂ ಲಿಂಗಾಯತ ಚರಂತಿ ಸ್ವಾಮಿಗಳಿಗೂ ಜಗಳ ಹತ್ತಿ, ಕಂಪನಿ ಕೋರ್ಟು ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲ್‌, ಅಂದ್ರ ಆಗಿನ ಕಟ್ಟಕಡಿ ಮೇಲ್ಮನವಿ ಕೋರ್ಟಿನವರೆಗೂ ಹೋತು. 1843ರ ಕೇಸು ಅದು. ಧಾರ್ಮಿಕ ಮರ್ಯಾದಿ ಸಿವಿಲ್ ಹಕ್ಕು ಹೌದೋ ಅಲ್ಲೋ ಅನ್ನೋ ಚರ್ಚಾ ಬಂದಾಗ ವಕೀಲರು ಇವತ್ತಿಗೂ ಅದರ ಹೆಸರು ತಗೀತಾರ.

ನೋಡ್ರಿ, ನಮ್ಮ ಊರ ಓಣ್ಯಾಗ ಯಾರ ಪಲ್ಲಕ್ಕಿ ಹೆಂಗ ಹೋಗಬೇಕು ಅಂತ ಏಳು ಸಮುದ್ರ ದಾಟಿ ಕೇಳಾಕ ಹೋದವರು ನಾವ. ಆ ಎರಡೂ ಪಲ್ಲಕ್ಕಿ ಹೊತ್ತವರು ಆ ಕೇಸಿನ್ಯಾಗ ಎಲ್ಲೂ ಇಲ್ಲ. ಅಂದಮ್ಯಾಲೆ ಬಿಳಿಯರದಷ್ಟ ತಪ್ಪು ಅನಬ್ಯಾಡ್ರಿ.

ಬೋಯಿಮನೆ

ನಮ್ಮದು ಹೊರುವವರ ಮನೆತನ. ಈಗ ದೇವರನ್ನು ಬಿಟ್ಟು ಯಾರನ್ನೂ ಹೊರುವುದಿಲ್ಲ, ಜಾತ್ರೆಯಲ್ಲಿ ಉತ್ಸವಮೂರ್ತಿಗೆ ಹೆಗಲು ಕೊಡೋ ಹಕ್ಕು ಮಾತ್ರ ಉಳಿದಿದೆ. ಹಾಗಾಗಿ ಕೆಲಸ ಹೇಗಿರುತ್ತೆ ಅಂತ ಹೇಳಬಲ್ಲೆ.

ಹೊರಗಿನವರು ಅಂದುಕೊಳ್ತಾರೆ, ಸೈನಿಕರ ಹಾಗೆ ಎಲ್ಲರೂ ಒಂದೇ ಹೆಜ್ಜೆ ಹಾಕಬೇಕು ಅಂತ. ಹಾಗೆ ಹಾಕಿದರೆ ಪಲ್ಲಕ್ಕಿ ಉಯ್ಯಾಲೆ ಆಗುತ್ತೆ, ಮೂರ್ತಿ ನಿಲ್ಲಲ್ಲ. ಮುಂದಿನವನ ಬಲಗಾಲಿಗೆ ಹಿಂದಿನವನು ಎಡಗಾಲು. ಮಂಡಿ ಸ್ವಲ್ಪ ಬಗ್ಗಿರಬೇಕು, ಹೆಜ್ಜೆ ಗಿಡ್ಡ, ಪಾದ ನೆಲದಿಂದ ಹೆಚ್ಚು ಏಳಬಾರದು. ನಾಲ್ವರ ಎತ್ತರ ಸಮ ಇರಬೇಕು. ಒಬ್ಬ ಕುಳ್ಳನಾದರೆ ಅವನ ಹೆಗಲಿಗೆ ಎರಡು ಮಡಿಕೆ ಹೆಚ್ಚು ಬಟ್ಟೆ. ಹಿಂದಿನವನಿಗೆ ದಾರಿ ಕಾಣಲ್ಲ, ಮುಂದಿನವನು ಕೂಗಿ ಹೇಳ್ತಾನೆ: ಕಲ್ಲು, ತಗ್ಗು, ನೀರು, ಎಡಕ್ಕೆ ಮುಳ್ಳು. ಆ ಕೂಗೇ ರಾಗವಾಗಿ ಹಾಡಾಗುತ್ತೆ. ನಿಂತಾಗ ಕವೆಗೋಲು ಕೊಟ್ಟು ದಂಡಿಗೆಯ ಭಾರ ಅದರ ಮೇಲೆ ಬಿಡ್ತೀವಿ.

ನಮ್ಮ ತಾತನ ಬಲ ಹೆಗಲಲ್ಲಿ ನಿಂಬೆಹಣ್ಣಿನಷ್ಟು ಗಂಟು ಇತ್ತು. ಮುಟ್ಟಿದರೆ ಕೊರಡು. ಮಕ್ಕಳಾಗಿದ್ದಾಗ ಅದನ್ನು ಒತ್ತಿ ಆಡ್ತಿದ್ವಿ. ಅವರು ಹೊತ್ತದ್ದು ವರ್ಷಕ್ಕೆ ಒಂದೆರಡು ಜಾತ್ರೆ, ಒಂದಷ್ಟು ಮದುವೆ. ಹತ್ತು ಮೈಲಿ ಹೊತ್ತು, ಬರಿಗೈಲಿ ಹತ್ತು ಮೈಲಿ ವಾಪಸು ನಡೆದು, ಮತ್ತೆ ಕರೆ ಬಂದರೆ ಎದ್ದು ಓಡುತ್ತಿದ್ದವರ ಹೆಗಲು ಹೇಗಿದ್ದಿರಬೇಕು?

ಕಡತಪ್ರಿಯ

@ಬೋಯಿಮನೆ ಇದಕ್ಕೇ ನಾನು ಕಾದಿದ್ದು. ಹಾಡಿನ ಮಾತು ಬಂತಲ್ಲ, ಮೆಕಾಲೆಯ ಪತ್ರಗಳಲ್ಲೇ ಅದರ ಪ್ರಸ್ತಾಪ ಇದೆ. ಹೊರುವವರು ಗುನುಗುವುದು ತಮ್ಮ ಹೊಗಳಿಕೆಯೇ ಇರಬೇಕು ಅಂತ ಸಾಹೇಬರು ಅಂದುಕೊಂಡಿದ್ದರಂತೆ. ಭಾಷೆ ಬಲ್ಲವನೊಬ್ಬ ಅರ್ಥ ಹೇಳಿದಾಗ ತಿಳಿದದ್ದು: ದಪ್ಪ ಹಂದಿ, ಎಷ್ಟು ಭಾರ, ಅಲ್ಲಾಡಿಸಿ ಹಾಕಿ ಅಂತ. ತನ್ನ ಬಗ್ಗೆಯೂ ಹಾಗೆ ಹಾಡಿದ್ದರೆ ಸುಳ್ಳೇನೂ ಆಗುತ್ತಿರಲಿಲ್ಲ ಅಂತ ಆತನೇ ನಗೆಯಾಡಿದ್ದಾನೆ. ಅಷ್ಟರಮಟ್ಟಿಗೆ ಮೆಚ್ಚಬೇಕು.

ಹೊಸಬಳು

ಹಂದಿ ಹಾಡು 😂 ಮೇಷ್ಟ್ರೇ, ಒಂದು ಪೆದ್ದು ಪ್ರಶ್ನೆ. ಕುದುರೆ ಇತ್ತು, ಎತ್ತಿನಗಾಡಿ ಇತ್ತು. ಮನುಷ್ಯರೇ ಯಾಕೆ ಹೊರಬೇಕಿತ್ತು?

ಘಟ್ಟದಂಚು

ಮೇಷ್ಟ್ರು ಬರುವಷ್ಟರಲ್ಲಿ ನಾನು ಹೇಳ್ತೇನೆ. ಒಂದು, ದಾರಿ. ಘಟ್ಟದ ಕಾಲುದಾರಿಯಲ್ಲಿ ಗಾಡಿ ಹೋಗಲ್ಲ, ಮಳೆಗಾಲದ ಹೊಳೆಯಲ್ಲಿ ಚಕ್ರ ಹೂತು ಹೋಗುತ್ತೆ. ಮನುಷ್ಯ ಮಾತ್ರ ಎಲ್ಲಿ ಬೇಕಾದರೂ ಇಳಿದು ಹತ್ತುತ್ತಾನೆ. ಕರಾವಳಿ, ಮಲಬಾರಿನ ಕಡೆ ಅದಕ್ಕೇ ಪಲ್ಲಕ್ಕಿಗಿಂತ ಮಂಚಲು ಹೆಚ್ಚು: ಒಂದು ಬಿದಿರುಗಳ, ಅದಕ್ಕೆ ತೂಗಿದ ಬಟ್ಟೆಯ ಜೋಲಿ. ಆಫ್ರಿಕಾದ ಎಷ್ಟೋ ಕಡೆ ಸೆ-ಸೆ ನೊಣ ಕಚ್ಚಿ ಕುದುರೆ, ಎತ್ತು ಬದುಕುತ್ತಿರಲಿಲ್ಲ.

ಆದರೆ ಮದ್ರಾಸು, ಬೆಂಗಳೂರು ನಡುವೆ ನೊಣವೂ ಇಲ್ಲ, ಘಟ್ಟವೂ ಅಂಥದ್ದೇನಲ್ಲ. ಟಿಪ್ಪುವಿನ ಫಿರಂಗಿ ಎಳೆದ ಎತ್ತುಗಳ ನಾಡು ಇದು. ಅಲ್ಲಿ ಪಲ್ಲಕ್ಕಿ ಏರಿದ್ದು ಅನಿವಾರ್ಯಕ್ಕಲ್ಲ. ಅಗ್ಗ, ಆರಾಮ, ಗತ್ತು ಮೂರೂ ಒಟ್ಟಿಗೆ ಸಿಕ್ಕಿತು ಅಂತ.

ಶಿಮ್ಲಾ ನೋಡಿ. 1864ರಿಂದ ಬೇಸಿಗೆ ರಾಜಧಾನಿ. ಅಲ್ಲಿ ಮಾಲ್ ರಸ್ತೆಯ ಮೇಲೆ ಕುದುರೆಗಾಡಿ ಓಡಿಸುವ ಅಧಿಕಾರ ಇದ್ದದ್ದು ಮೂವರಿಗೆ: ವೈಸರಾಯ್, ದಂಡನಾಯಕ, ಪಂಜಾಬಿನ ಲೆಫ್ಟಿನೆಂಟ್ ಗವರ್ನರ್. ಉಳಿದ ದೊರೆ, ದೊರೆಸಾನಿಯರೆಲ್ಲ ಮೊದಲು ಝಂಪಾನಿನಲ್ಲಿ (ಮನುಷ್ಯರು ಹೊರುವ ಕುರ್ಚಿ), 1880ರ ಹೊತ್ತಿಂದ ರಿಕ್ಷಾದಲ್ಲಿ. ಒಂದೊಂದು ರಿಕ್ಷಾಕ್ಕೂ ನಾಲ್ಕು ಜನ, ಇಬ್ಬರು ಎಳೆಯೋಕೆ ಇಬ್ಬರು ತಳ್ಳೋಕೆ. ಮನೆಮನೆಗೆ ಬೇರೆ ಬಣ್ಣದ ಸಮವಸ್ತ್ರ ತೊಡಿಸಿ ನಿಲ್ಲಿಸ್ತಿದ್ದರು. ರಸ್ತೆ ಇತ್ತು, ಕುದುರೆ ಇತ್ತು, ಗಾಡಿ ಇತ್ತು. ಯಾರು ಯಾವುದರಲ್ಲಿ ಕೂರಬೇಕು ಅನ್ನೋದನ್ನ ತೀರ್ಮಾನಿಸಿದ್ದು ಅಂತಸ್ತು.

ಕರಾವಳಿ_ಕಾಗದ

ಕಂಪನಿಯ ಭೂಮಾಪನ ಸರ್ವೆಯನ್ನೂ ಸೇರಿಸಿ ಮಾರಾಯ್ರೆ. ಅದನ್ನು ನಡೆಸಿದ ಲ್ಯಾಂಬ್ಟನ್ ಟಿಪ್ಪು ಸತ್ತ ಮರುವರ್ಷವೇ, 1800ರಲ್ಲಿ, ಬೆಂಗಳೂರಿನ ಹತ್ತಿರ ಆಧಾರರೇಖೆ ಅಳೆದದ್ದು. ಆಮೇಲೆ ಅವನಿಗೆ ಬಂದ ದೊಡ್ಡ ಥಿಯೊಡೊಲೈಟು, ಅಂದರೆ ಕೋನ ಅಳೆಯುವ ಯಂತ್ರ, ಅರ್ಧ ಟನ್ ಭಾರ. ಅದನ್ನು ಗುಡ್ಡ ಗುಡ್ಡಕ್ಕೆ ಹತ್ತಿಸಿದ್ದು ಕೂಲಿಗಳು. ಗುಡ್ಡ ಇಲ್ಲದಲ್ಲಿ ಗೋಪುರಕ್ಕೆ. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ಕೈಕೊಟ್ಟು ಯಂತ್ರ ಗೋಡೆಗೆ ಬಡಿದು ನಜ್ಜಾಯಿತು, ಲ್ಯಾಂಬ್ಟನ್ ವಾರಗಟ್ಟಲೆ ಕೂತು ತಾನೇ ಸರಿಮಾಡಿದ. ಯಂತ್ರಕ್ಕೆ ಬಿದ್ದ ಪೆಟ್ಟು ಎಲ್ಲಾ ಪುಸ್ತಕದಲ್ಲಿ ಉಂಟು. ಹಗ್ಗ ಹಿಡಿದವರಿಗೆ ಏನಾಯಿತು ಅಂತ ಕೇಳಿದವರಿಲ್ಲ.

ಕಡತಪ್ರಿಯ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹೊಸದು ಪಲ್ಲಕ್ಕಿಯಲ್ಲ, ಕಾಗದ. ರಿಜಿಸ್ಟರು, ಬಿಲ್ಲೆ, ದರಪಟ್ಟಿ.

1827, ಕಲ್ಕತ್ತ. ನಗರದ ಪಲ್ಲಕ್ಕಿ ಹೊರುವವರಲ್ಲಿ ಬಹುಪಾಲು ಒಡಿಶಾದಿಂದ ಬಂದವರು. ಸರ್ಕಾರ ಹೊಸ ನಿಯಮ ತಂದಿತು: ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕು, ಸಂಖ್ಯೆಯ ಬಿಲ್ಲೆ ಧರಿಸಬೇಕು, ಗಂಟೆ ಲೆಕ್ಕದಲ್ಲಿ ನಿಗದಿಯಾದ ದರ ಮಾತ್ರ ತಗೋಬೇಕು. ಅಲ್ಲಿಯ ತನಕ ಬಾಡಿಗೆ ಚೌಕಾಶಿಯಲ್ಲಿ ತೀರ್ಮಾನವಾಗ್ತಿತ್ತು, ಸಾಹೇಬರಿಗೆ ಅದು ಕಿರಿಕಿರಿ. ಗಡಿಯಾರ ಯಾರ ಜೇಬಿನಲ್ಲಿತ್ತು? ಸಾಹೇಬನದ್ದರಲ್ಲಿ. ಗಂಟೆ ಲೆಕ್ಕ ಅಂದರೆ ಅವನು ಹೇಳಿದ್ದೇ ಲೆಕ್ಕ.

ಹೊರುವವರು ಪಲ್ಲಕ್ಕಿ ಇಳಿಸಿ ಕೂತರು. ಊರಿಗೆ ಊರೇ ನಿಂತಿತು. ಕಚೇರಿಗೆ ಹೋಗೋರಿಲ್ಲ, ಮೇಡಂಗಳಿಗೆ ಚರ್ಚಿಲ್ಲ. ಭಾರತದ ಆರಂಭದ ಕಾರ್ಮಿಕ ಮುಷ್ಕರಗಳಲ್ಲಿ ಇದನ್ನು ಎಣಿಸುತ್ತಾರೆ. ಗಿರಣಿಗಳು ಹುಟ್ಟುವುದಕ್ಕೂ ಮುಂಚೆ!

ಅಡ್ಡಮಾತು

ಗೆದ್ದರೋ ಸೋತರೋ ಅದನ್ನ ಹೇಳ್ರಿ.

ಕಡತಪ್ರಿಯ

ಸೋತರು ಅನ್ನಬೇಕು. ಕೆಲವರು ಒಡಿಶಾಕ್ಕೆ ವಾಪಸು ಹೋದರು, ಅವರ ಜಾಗಕ್ಕೆ ಬಿಹಾರದ ಕಡೆಯ ಹೊರುವವರು ಬಂದರು. ಬ್ರೌನ್‌ಲೋ ಅನ್ನೋ ಸಾಹೇಬ ತನ್ನ ಪಲ್ಲಕ್ಕಿಯ ದಂಡಿಗೆ ಕಿತ್ತು, ಕೆಳಗೆ ಚಕ್ರ ಹೊಡೆಸಿ, ಕುದುರೆ ಕಟ್ಟಿದ ಅಂತ ಕಲ್ಕತ್ತದಲ್ಲಿ ಕಥೆ. ಬ್ರೌನ್‌ಬೆರಿ ಅನ್ನೋ ಗಾಡಿ ಹಾಗೆ ಹುಟ್ಟಿತಂತೆ.

ಇಷ್ಟು ವರ್ಷ ಮನುಷ್ಯರಿಲ್ಲದೆ ಆಗುವುದೇ ಇಲ್ಲ ಅನ್ನುತ್ತಿದ್ದವರಿಗೆ, ಮನುಷ್ಯರು ಕೂತ ಕೂಡಲೇ ಚಕ್ರ ನೆನಪಾಯಿತು. @ಹೊಸಬಳು ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೂ ಇದೆ.

ಇತಿಹಾಸ_ಮೇಷ್ಟ್ರು

ಸೋತ ಕಥೆ ಆಯ್ತು, ಗೆದ್ದ ಕಥೆ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ.

ಕುಮಾವೂ, ಅಂದರೆ ಈಗಿನ ಉತ್ತರಾಖಂಡದ ಅಲ್ಮೋರ, ನೈನಿತಾಲ್ ಕಡೆ. 1815ರಲ್ಲಿ ಗೂರ್ಖಾಗಳನ್ನು ಸೋಲಿಸಿ ಕಂಪನಿ ಹಿಡಿದ ಸೀಮೆ. ಅಲ್ಲಿ ಡಾಕ್ ಪಯಣದ ಹಾಗೆ ದುಡ್ಡು ಕಟ್ಟಿ ಹೊರುವವರನ್ನು ಕರೆಸುವುದಲ್ಲ. ಹಳ್ಳಿಯವರು ಹೊರಲೇಬೇಕು ಅನ್ನೋದು ರೂಢಿ. ಮೂರು ಬಗೆ ಇತ್ತು. ಕೂಲಿ ಉತಾರ್ ಅಂದರೆ ಹೆಸರಿಗೆ ಒಂದಿಷ್ಟು ಕೂಲಿ ಕೊಟ್ಟು ಹೊರಿಸುವುದು. ಕೂಲಿ ಬೇಗಾರ್ ಅಂದರೆ ಪೂರಾ ಬಿಟ್ಟಿ. ಕೂಲಿ ಬರ್ದಾಯಿಷ್ ಅಂದರೆ ಬಂದ ಅಧಿಕಾರಿಗೆ ಹಾಲು, ಸೌದೆ, ಹುಲ್ಲು, ಧಾನ್ಯ ಒದಗಿಸುವುದು. ಯಾವ ಮನೆಯ ಸರದಿ ಯಾವಾಗ ಅಂತ ಊರ ಮುಖ್ಯಸ್ಥನ ಹತ್ತಿರ ಕೂಲಿ ರಿಜಿಸ್ಟರು. ಬಿತ್ತನೆಯೋ ಕಟಾವೋ, ಸಾಹೇಬ ಬಂದ ಅಂದರೆ ಹೊರಡಬೇಕು. ಬೇಟೆಗೆ ಬಂದವನಾದರೂ ಸರಿ. ಡೇರೆ, ಮೇಜು, ಸ್ನಾನದ ತೊಟ್ಟಿ, ಕಮೋಡು, ನಾಯಿ ಎಲ್ಲಾ ಇವರ ಬೆನ್ನ ಮೇಲೆ.

ಕಾನೂನಿನಲ್ಲಿ ಇದೆಲ್ಲ ಇತ್ತಾ ಅಂತ ಕೇಳಬಹುದು. 1820ರ ಬಂಗಾಳ ರೆಗ್ಯುಲೇಷನ್ 3 ಸಾಮಾನು ಹೊರಲು ಜನರನ್ನು ಬಲವಂತವಾಗಿ ಹಿಡಿಯುವುದನ್ನೇ ನಿಷೇಧಿಸಿತ್ತು! ಬೆಟ್ಟಕ್ಕೆ ಮಾತ್ರ ಅದು ಹತ್ತಲಿಲ್ಲ. ಇಲ್ಲಿ ಹಿಂದಿನಿಂದ ಬಂದ ಪದ್ಧತಿ, ಭೂಕಂದಾಯದ ಜೊತೆ ಸೇರಿದ ಕರ್ತವ್ಯ ಅಂತ ವಾದ ಹೂಡಿದರು. @ಅಡ್ಡಮಾತು ಅವರೇ, ನೀವು ಕೇಳಿದ ಪ್ರಶ್ನೆ ಸರ್ಕಾರಕ್ಕೂ ಬಹಳ ಪ್ರಿಯವಾಗಿತ್ತು. 'ನಿಮ್ಮಲ್ಲಿ ಮೊದಲಿಂದಲೂ ಇತ್ತಲ್ಲ' ಅನ್ನೋದು ಅವರ ಬತ್ತಳಿಕೆಯ ಮೊದಲ ಬಾಣ.

ಜನ ಸುಮ್ಮನಿರಲಿಲ್ಲ. ತಪ್ಪಿಸಿಕೊಂಡರು, ಅರ್ಜಿ ಹಾಕಿದರು, ಕೋರ್ಟಿಗೆ ಹೋದರು. ಗಡ್ವಾಲದ ಕಡೆ ಊರವರೇ ಹಣ ಸೇರಿಸಿ ಹೊರುವವರನ್ನೂ ಹೇಸರಗತ್ತೆಗಳನ್ನೂ ಬಾಡಿಗೆಗೆ ಒದಗಿಸುವ ಕೂಲಿ ಏಜೆನ್ಸಿಗಳನ್ನು ಮಾಡಿಕೊಂಡರು. ಅಂದರೆ ತಾವು ಹೊರದೇ ಇರಲು ತಾವೇ ದುಡ್ಡು ಕಟ್ಟಿದರು.

ಕೊನೆಗೆ 1921ರ ಜನವರಿ, ಮಕರ ಸಂಕ್ರಾಂತಿ. ಬಾಗೇಶ್ವರದಲ್ಲಿ ಸರಯೂ, ಗೋಮತಿ ಕೂಡುವ ಕಡೆ ಉತ್ತರಾಯಣಿ ಜಾತ್ರೆ. ಹತ್ತಾರು ಸಾವಿರ ಜನ. ಬದ್ರಿದತ್ ಪಾಂಡೆ, ಹರಗೋವಿಂದ ಪಂತ್ ಮೊದಲಾದವರು ಮಾತಾಡಿದರು. ಜಿಲ್ಲಾಧಿಕಾರಿ ಪೊಲೀಸರ ಜೊತೆ ಅಲ್ಲೇ ಇದ್ದ. ಜನ ಸರಯೂ ನೀರು ಬೊಗಸೆಯಲ್ಲಿ ಹಿಡಿದು ಇನ್ನು ಬೇಗಾರ್ ಮಾಡೋದಿಲ್ಲ ಅಂತ ಆಣೆ ಮಾಡಿದರು. ಊರ ಮುಖ್ಯಸ್ಥರು ಕೂಲಿ ರಿಜಿಸ್ಟರುಗಳನ್ನು ತಂದು ಹೊಳೆಗೆ ಎಸೆದರು. ಅಷ್ಟು ಜನರ ಎದುರು ಗುಂಡು ಹಾರಿಸುವ ಧೈರ್ಯ ಜಿಲ್ಲಾಧಿಕಾರಿಗೆ ಬರಲಿಲ್ಲ. ಮುಂದೆ ಆ ಪದ್ಧತಿ ನಿಂತೇ ಹೋಯಿತು. ಗಾಂಧೀಜಿ ಇದನ್ನು ರಕ್ತವಿಲ್ಲದ ಕ್ರಾಂತಿ ಅಂತ ಕರೆದರು, 1929ರಲ್ಲಿ ಬಾಗೇಶ್ವರಕ್ಕೂ ಹೋಗಿ ಬಂದರು.

ಕಡತಪ್ರಿಯರ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಡ. ಜನ ಮುಳುಗಿಸಿದ್ದು ಪಲ್ಲಕ್ಕಿಯನ್ನಲ್ಲ, ರಿಜಿಸ್ಟರನ್ನು.

ಘಟ್ಟದಂಚು

ಅದೇ ವರ್ಷ ಶಿಮ್ಲಾ ಬೆಟ್ಟದ ಕೋಟ್‌ಗಢದಲ್ಲಿ ಸ್ಟೋಕ್ಸ್ ಹೋರಾಟ ಕೂಡ. ಅಮೆರಿಕದಿಂದ ಬಂದು ಅಲ್ಲೇ ನೆಲೆಸಿ, ಹಿಮಾಚಲಕ್ಕೆ ಹೊಸ ಜಾತಿಯ ಸೇಬು ತಂದ ಮನುಷ್ಯ, ಮುಂದೆ ಸತ್ಯಾನಂದ ಸ್ಟೋಕ್ಸ್ ಆದವರು. ಹಿಂದೂಸ್ತಾನ್–ಟಿಬೆಟ್ ರಸ್ತೆಯಲ್ಲಿ ಹೋಗೋ ಬರೋ ಸಾಹೇಬರ ಸಾಮಾನು ಹೊರುವುದೇ ಅಲ್ಲಿನ ಹಳ್ಳಿಗಳಿಗೆ ಶಾಪವಾಗಿತ್ತು. ಅದರ ವಿರುದ್ಧ ಊರವರನ್ನು ಕಟ್ಟಿ ನಿಂತರು. ವರ್ಷದ ಕೊನೆಗೆ ಜೈಲಿಗೂ ಹೋದರು.

ಊರಾಚೆ

ಇಷ್ಟು ಹೊತ್ತು ಓದುತ್ತಿದ್ದೆ. ಸಾಹೇಬ, ರಾಜ, ಸ್ವಾಮಿ, ಬೆಸ್ತ, ಬೋಯಿ ಎಲ್ಲರೂ ಬಂದರು. ತೋಟಿ ಇನ್ನೂ ಬಂದಿಲ್ಲ.

ಡಾಕ್ ಪಲ್ಲಕ್ಕಿ ದೊಡ್ಡವರ ಕಥೆ. ದಿನನಿತ್ಯದ ಆಡಳಿತ ನಡೆದದ್ದು ಅಮಲ್ದಾರ, ಶೇಕದಾರರಂಥ ಕಂದಾಯ ಅಧಿಕಾರಿಗಳ ಮೊಕ್ಕಾಂನಲ್ಲಿ. ಮೊಕ್ಕಾಂ ಅಂದರೆ ಸಾಮಾನು. ಪೆಟ್ಟಿಗೆ, ಕಡತ, ಹಾಸಿಗೆ, ಪಾತ್ರೆ. ಇದನ್ನು ಈ ಊರಿಂದ ಮುಂದಿನ ಊರಿನ ಗಡಿ ತನಕ ಹೊತ್ತವನು ತೋಟಿ. ನಮ್ಮವನು. ಕಂದಾಯದ ದುಡ್ಡನ್ನು ತಾಲೂಕಿಗೆ ಹೊತ್ತವನೂ ಅವನೇ, ಪಟೇಲರ ಮನೆಗೆ ಸೌದೆ ಹೊತ್ತವನೂ ಅವನೇ. ಪ್ರತಿಯಾಗಿ ಒಂದು ತುಂಡು ಚಾಕರಿ ಜಮೀನು, ಸುಗ್ಗಿಯಲ್ಲಿ ಒಂದಷ್ಟು ಆಯ, ಅಂದರೆ ಧಾನ್ಯದ ಪಾಲು. ಮನೆತನಕ್ಕೆ ಅಂಟಿದ ಕೆಲಸ, ಬಿಡುವ ಹಾಗಿಲ್ಲ. ಬ್ರಿಟಿಷರು ಇದನ್ನು ಹುಟ್ಟಿಸಲಿಲ್ಲ ನಿಜ. ಆದರೆ ಪಟೇಲ, ಶಾನುಭೋಗ, ತೋಟಿ, ತಳವಾರ ಅಂತ ಸರ್ಕಾರಿ ಲೆಕ್ಕದೊಳಗೆ ಬರೆದು ಗಟ್ಟಿ ಮಾಡಿದರು. ಮೇಲಿನವರು ಹಿಡಿದ ಪುಸ್ತಕ, ಕೆಳಗಿನವನು ಹೊತ್ತ ಗಂಟು, ಎರಡೂ ವಂಶಪಾರಂಪರ್ಯ.

1860ರ ದಂಡಸಂಹಿತೆಯಲ್ಲಿ 374ನೇ ಕಲಂ ಇತ್ತು: ಇಷ್ಟವಿಲ್ಲದವನಿಂದ ಕಾನೂನುಬಾಹಿರವಾಗಿ ಬಲವಂತದ ದುಡಿಮೆ ಮಾಡಿಸಿದರೆ ಒಂದು ವರ್ಷದವರೆಗೆ ಸಜೆ. ಬರೆದವನ ಹೆಸರು ಹೇಳಲೇ? ಆ ಸಂಹಿತೆಯ ಮೊದಲ ಕರಡು ಮಾಡಿದ ಆಯೋಗದ ಅಧ್ಯಕ್ಷ ಇದೇ ಮೆಕಾಲೆ. 'ಕಾನೂನುಬಾಹಿರವಾಗಿ' ಅನ್ನೋ ಕಂಡಿಯೊಳಗೆ ಎಷ್ಟು ತೋಟಿಗಳು, ಎಷ್ಟು ಬೇಗಾರಿಗಳು ಹಾದು ಹೋದರೋ. ಸಂವಿಧಾನದ 23ನೇ ವಿಧಿ ಬೇಗಾರ್ ಅಂತ ಹೆಸರು ಹಿಡಿದೇ ನಿಷೇಧಿಸಿದ್ದು ಅದಕ್ಕೇ. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ಹೋಗಲು 1961ರ ಕಾಯ್ದೆ ಬರಬೇಕಾಯಿತು.

ಹೊರುವುದರಲ್ಲೂ ಮೇಲು ಕೀಳು ಇದೆ ಸ್ವಾಮಿ. ಪಲ್ಲಕ್ಕಿಗೆ ನಮ್ಮ ಹೆಗಲು ಬೇಡ, ಮೈಲಿಗೆ. ತಲೆ ಮೇಲೆ ಮಲದ ಬುಟ್ಟಿಗೆ ಮಾತ್ರ ನಾವು ಬೇಕು. ಬಿಳಿಯರ ಕಾಲದ ಪುರಸಭೆಗಳು ಅದನ್ನು ಸಂಬಳದ ಹುದ್ದೆ ಮಾಡಿದವು. ನಮ್ಮಲ್ಲಿ ಅದಕ್ಕೆ ನಿಷೇಧ ಬಂದದ್ದು 1970ರ ದಶಕದಲ್ಲಿ, ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ. ಮೆಕಾಲೆ ಹೋಗಿ ಆಗಲೇ ನೂರು ವರ್ಷ ದಾಟಿತ್ತು.

ಬೋಯಿಮನೆ

@ಊರಾಚೆ ಅಣ್ಣ, ನೀವು ಹೇಳಿದ್ದು ಸತ್ಯ. ದೇವರ ದಂಡಿಗೆ ಮುಟ್ಟೋರು ಯಾರು ಅನ್ನೋದಕ್ಕೆ ನಮ್ಮೂರಲ್ಲಿ ಈಗಲೂ ಪಟ್ಟಿ ಇದೆ. ಅದರ ಬಗ್ಗೆ ನಮ್ಮ ಮನೆಯಲ್ಲೇ ಜಗಳ ನಡೆದಿದೆ, ಇನ್ನೂ ಮುಗಿದಿಲ್ಲ.

ವಲಸೆಹಕ್ಕಿ

ನೈರೋಬಿಯಿಂದ. ಇಲ್ಲಿ ಕಾರಿಯೋಕೋರ್ ಅನ್ನೋ ಬಡಾವಣೆ, ಮಾರುಕಟ್ಟೆ ಇದೆ. ಮೊದಲ ಮಹಾಯುದ್ಧದ ಕ್ಯಾರಿಯರ್ ಕೋರ್ (ಸಾಮಾನು ಹೊರುವವರ ಪಡೆ) ನೆನಪಲ್ಲಿ ಉಳಿದ ಹೆಸರು. ಪೂರ್ವ ಆಫ್ರಿಕಾದಲ್ಲಿ ಜರ್ಮನರ ವಿರುದ್ಧ ನಡೆದ ಯುದ್ಧದಲ್ಲಿ ಬ್ರಿಟಿಷರು ಸೇರಿಸಿದ ಹೊರುವವರು, ಕೂಲಿಗಳು ಸುಮಾರು 10 ಲಕ್ಷ. ಸತ್ತವರು ಸರ್ಕಾರದ ಲೆಕ್ಕದಲ್ಲೇ 95,000ದ ಆಸುಪಾಸು. ಗುಂಡಿಗಿಂತ ಹೆಚ್ಚು ಕೊಂದದ್ದು ಭೇದಿ, ಮಲೇರಿಯಾ, ಒಗ್ಗದ ಊಟ. ಜನ ತಾವಾಗಿ ಸಾಕಷ್ಟು ಬರದಿದ್ದಾಗ 1915ರಲ್ಲಿ ಕಾನೂನು ಮಾಡಿ ಹಿಡಿದು ತಂದರು. ಆಗ ಇಲ್ಲೂ ರೂಪಾಯಿ ಚಲಾವಣೆ, ಸಂಬಳವೂ ರೂಪಾಯಿಯಲ್ಲೇ.

ಅದಕ್ಕೂ ಹಿಂದೆ ಕಾಂಗೋದಲ್ಲಿ, ಮತಾಡಿ ಬಂದರಿನಿಂದ ಮೇಲಕ್ಕೆ ನದಿಯಲ್ಲಿ ಜಲಪಾತಗಳಿದ್ದುದರಿಂದ, ದೋಣಿಗಳನ್ನೂ ಬಿಚ್ಚಿ ತುಂಡು ತುಂಡಾಗಿ ತಲೆಯ ಮೇಲೆ ಸಾಗಿಸಿದರು. 1898ರಲ್ಲಿ ರೈಲು ಮುಗಿದ ಮೇಲೆ ಆ ದಾರಿಯ ಹೊರೆ ಇಳಿಯಿತು. ಆ ರೈಲು ಹಾಕುವಾಗ ಸತ್ತವರದ್ದು ಬೇರೆಯೇ ಕಥೆ.

ಹೊಸಬಳು

ಓದ್ತಾ ಓದ್ತಾ ಮನಸ್ಸು ಭಾರ ಆಯ್ತು. ಇನ್ನೊಂದು ಕೇಳ್ತೀನಿ, ಬೈಯಬೇಡಿ. ಹೋದ ವರ್ಷ ನಮ್ಮಮ್ಮ ಕೇದಾರನಾಥಕ್ಕೆ ಡೋಲಿಯಲ್ಲಿ ಹೋದರು. ಮಂಡಿ ನೋವು, ಬೇರೆ ದಾರಿ ಇರಲಿಲ್ಲ. ನಾಲ್ವರು ಹುಡುಗರು ಹೊತ್ತರು, ನನ್ನ ತಮ್ಮನ ವಯಸ್ಸಿನವರು. ಅಮ್ಮ ದಾರಿಯುದ್ದಕ್ಕೂ ಅವರ ಹತ್ತಿರ ಕ್ಷಮೆ ಕೇಳ್ತಾನೇ ಇದ್ದರು. ಅವರು ನಗ್ತಾ, 'ಮಾಜೀ, ನೀವು ಬರದಿದ್ದರೆ ನಮಗೆ ಈ ಸೀಸನ್ನಿಗೆ ಊಟ ಎಲ್ಲಿ' ಅಂದರು. ಇದೂ ಅದೇನಾ?

ಅಡ್ಡಮಾತು

ಅಲ್ಲ ತಂಗಿ. ದುಡ್ಡು ಕೊಟ್ಟೀರಿ, ಅವರು ಒಪ್ಪಿ ಹೊತ್ತಾರ. ಇದರಾಗ ಏನೈತಿ?

ಕರಾವಳಿ_ಕಾಗದ

ಡಾಕ್ ಪಲ್ಲಕ್ಕಿಗೂ ದುಡ್ಡು ಕೊಡುತ್ತಿದ್ದರು, ಅಲ್ವಾ? ದುಡ್ಡು ಕೊಟ್ಟ ಮಾತ್ರಕ್ಕೆ ಎಲ್ಲಾ ಸಲೀಸು ಅಂತ ಹೇಳಲಿಕ್ಕೆ ಆಗುವುದಿಲ್ಲ. ಹಾಗಂತ ಆ ಹುಡುಗರನ್ನು ಬೇಗಾರಿಗಳ ಸಾಲಿಗೆ ಸೇರಿಸುವುದೂ ತಪ್ಪು. ದರ ಯಾರು ನಿಗದಿ ಮಾಡ್ತಾರೆ, ಇವತ್ತು ಮೈ ಸರಿ ಇಲ್ಲ ಅಂದರೆ ಮನೆಯಲ್ಲಿ ಮಲಗಬಹುದಾ, ಬಿದ್ದು ಕಾಲು ಮುರಿದರೆ ಯಾರು ನೋಡ್ತಾರೆ. ಇದನ್ನು ಕೇಳಿದರೆ ಗೊತ್ತಾಗುತ್ತದೆ.

ಗಾಂಧಿಯ ಒಂದು ಸಂಗತಿ ನೆನಪಾಯಿತು. 1897ರ ಜನವರಿಯಲ್ಲಿ ಡರ್ಬನ್‌ನಲ್ಲಿ ಹಡಗಿಳಿದಾಗ ಬಿಳಿಯರ ಗುಂಪು ಮೈಮೇಲೆ ಬಿತ್ತಲ್ಲ. ಜೊತೆಗಿದ್ದ ವಕೀಲ ಲಾಟನ್ ರಿಕ್ಷಾ ಕರೆದ. ಮನುಷ್ಯ ಎಳೆಯುವ ಗಾಡಿಯಲ್ಲಿ ಕೂರುವುದೇ ಗಾಂಧಿಗೆ ಹೇಸಿಗೆ, ಅಲ್ಲಿಯ ತನಕ ಕೂತವರೇ ಅಲ್ಲ. ಜೀವಕ್ಕೆ ಸಂಚಕಾರ ಬಂದಿದೆ ಅಂತ ಕೂರಲು ಒಪ್ಪಿದರು. ಅಷ್ಟರಲ್ಲಿ ಗುಂಪು ರಿಕ್ಷಾದವನನ್ನು ಹೆದರಿಸಿತು, ಅವನು ಓಡಿಹೋದ. ಆ ರಿಕ್ಷಾದವನು ಜೂಲು, ಅಲ್ಲಿನ ಕಪ್ಪು ಜನಾಂಗದವನು. ಅಲ್ಲಿ ಅವನ ಸ್ಥಿತಿ ಗಾಂಧಿಗಿಂತ ಕಡೆ.

ಇತಿಹಾಸ_ಮೇಷ್ಟ್ರು

ಈ ವಿಚಾರ ನಮ್ಮ ಕಾಲದ ಕೋರ್ಟಿಗೂ ಬಂದಿದೆ. ಬೊಂಬಾಯಿ ಸಾಹೇಬರು 1850ರಲ್ಲಿ ಗುರುತಿಸಿ ಗಿರಿಧಾಮ ಮಾಡಿಕೊಂಡ ಮಾಥೇರಾನ್‌ನಲ್ಲಿ ಮೋಟಾರು ವಾಹನಕ್ಕೆ ನಿಷೇಧ, ಹಾಗಾಗಿ ಕೈರಿಕ್ಷಾ ಇತ್ತೀಚಿನ ತನಕ ಓಡ್ತಿತ್ತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅದು ಮನುಷ್ಯ ಘನತೆಗೆ ವಿರುದ್ಧ, ಆರು ತಿಂಗಳೊಳಗೆ ನಿಲ್ಲಿಸಿ, ಎಳೆಯುವವರಿಗೆ ಇ-ರಿಕ್ಷಾ ವ್ಯವಸ್ಥೆ ಮಾಡಿ, ಹಣ ಇಲ್ಲ ಅನ್ನೋ ನೆಪ ಹೇಳಬೇಡಿ ಅಂತ ಆದೇಶ ಕೊಟ್ಟಿತು. ಕಲ್ಕತ್ತದಲ್ಲಿ 2006ರಲ್ಲೇ ಕೈರಿಕ್ಷಾ ನಿಲ್ಲಿಸುವ ಮಸೂದೆ ಬಂದಿತ್ತು, ರಿಕ್ಷಾ ಇನ್ನೂ ನಿಂತಿಲ್ಲ.

ಬೋಯಿಮನೆ

ಆದೇಶ ಒಳ್ಳೆಯದೇ ಮೇಷ್ಟ್ರೇ. ನನ್ನ ಅನುಮಾನ ಒಂದೇ. ಇ-ರಿಕ್ಷಾದ ಪರ್ಮಿಟ್ಟು ಯಾರ ಹೆಸರಿಗೆ ಬರುತ್ತೆ? ಎಳೆಯುತ್ತಿದ್ದವನ ಹೆಸರಿಗೆ ಬಂದರೆ ಸರಿ. ಪೇಟೆಯ ಇನ್ಯಾರೋ ಹತ್ತು ಗಾಡಿ ಕೊಂಡು, ಇವನನ್ನು ದಿನಬಾಡಿಗೆಗೆ ಕೂರಿಸಿದರೆ ಹೆಗಲ ಗಂಟು ಹೋಗುತ್ತೆ, ಸಾಲದ ಗಂಟು ಬರುತ್ತೆ. ಕೇದಾರನಾಥಕ್ಕೂ ರೋಪ್‌ವೇ ಬರುತ್ತೆ ಅಂತ ಓದಿದೆ. ಆ ನಾಲ್ವರು ಹುಡುಗರನ್ನು ಯಾರಾದರೂ ಕೇಳಿದ್ದಾರಾ?

ಊರಾಚೆ

ಕೇಳಿರಲ್ಲ. ಕೇಳಿದ್ದರೆ ಮೊದಲು ಹಳೆಯ ಬಾಕಿ ಕೊಡಿ ಅಂದಿರೋರು.